ಕೊಳೆನೀರಿನ ರಸಾಯನಜ್ಞ ಡಾಕ್ಟರ್ ಗಿಲ್ಬರ್ಟ್ ಫೌಲರ್

ರಾತ್ರಿ ಕೊನೆಯ ಗಿರಾಕಿ ಎದ್ದು ಹೋದ ಮೇಲೆ ಹೋಟೆಲಿನ ನೆಲವನ್ನು ತೊಳೆದು, ಬಕೆಟಿನ ನೀರಿಗೆ ಒಂದಿಷ್ಟು ಫಿನೈಲನ್ನು ಬೆರೆಸಿ ಸುರಿಯುವುದು ನಮ್ಮಲ್ಲಿ ಅನೇಕರಿಗೆ ನಿತ್ಯದ ಕೆಲಸ. ಕರಿಯ ಫಿನೈಲಿನ ಆ ತೀಕ್ಷ್ಣವಾದ ವಾಸನೆ ಕಲ್ಲಿದ್ದಲಿನ ಡಾಂಬರಿನಿಂದ ಬಂದುದು. ಅದರ ಸಮೀಪದ ಬಂಧುವೇ ಕಾರ್ಬಾಲಿಕ್ ಆಮ್ಲ ಅಥವಾ ಫೀನಾಲ್. ನೆಲದ ಮೇಲಿನ ಕ್ರಿಮಿಗಳು ಸತ್ತುವೆಂದು ನಾವು ಸಮಾಧಾನದಿಂದ ಮಲಗುತ್ತೇವೆ; ಆ ನೀರು ಗಟಾರಕ್ಕೆ ಇಳಿದ ಮೇಲೆ ಏನಾಗುವುದೆಂದು ಯೋಚಿಸುವವರು ವಿರಳ. ಕ್ರಿಮಿಗಳನ್ನು ಕೊಲ್ಲಲೆಂದೇ ಮನುಷ್ಯನು ಬಳಸುವ ಈ ವಿಷವನ್ನು ಕೆಲವು ಕ್ರಿಮಿಗಳು ಆಹಾರವಾಗಿ ಉಂಡು ಜೀರ್ಣಿಸಿಕೊಳ್ಳಬಲ್ಲವು ಎಂಬುದನ್ನು ಪ್ರಯೋಗಶಾಲೆಯಲ್ಲಿ ನಿಸ್ಸಂದೇಹವಾಗಿ ತೋರಿಸಿದವರಲ್ಲಿ ಗಿಲ್ಬರ್ಟ್ ಜಾನ್ ಫೌಲರರು ಒಬ್ಬರು. ಮ್ಯಾಂಚೆಸ್ಟರಿನ ಕೊಳೆನೀರಿನ ದಡದಲ್ಲಿ ಹೆಸರು ಗಳಿಸಿದ ಈ ರಸಾಯನಜ್ಞರು ತಮ್ಮ ಜೀವನದ ಉತ್ತರಾರ್ಧದ ಮುಖ್ಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರೆಂಬುದು ಕನ್ನಡಿಗರಿಗೆ ಅಷ್ಟಾಗಿ ತಿಳಿಯದ ಸಂಗತಿ.

ಫೌಲರರು ಹುಟ್ಟಿದುದು 1868ರ ಜನವರಿಯಲ್ಲಿ, ಪ್ಯಾರಿಸ್ ನಗರದಲ್ಲಿ. ಆದರೆ ಬೆಳೆದುದು ಇಂಗ್ಲೆಂಡಿನಲ್ಲಿಯೇ. ಕ್ವೇಕರ್ ಪಂಥದವರು ಸಾಮರ್‌ಸೆಟ್ ಪ್ರಾಂತದ ಸಿಡ್‌ಕಟ್ ಎಂಬಲ್ಲಿ ನಡೆಸುತ್ತಿದ್ದ ಶಾಲೆಯಲ್ಲಿ ಓದಿ, ಮ್ಯಾಂಚೆಸ್ಟರಿನ ಓವೆನ್ಸ್ ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದರು. ಆ ಕಾಲದಲ್ಲಿ ರಸಾಯನಶಾಸ್ತ್ರವನ್ನು ಚೆನ್ನಾಗಿ ಕಲಿತ ತರುಣನಿಗೆ ಬಣ್ಣದ ಕಾರ್ಖಾನೆಗಳಲ್ಲಿಯೂ ಚೆಲುವೆ ಮಾಡುವ ಕಾರ್ಖಾನೆಗಳಲ್ಲಿಯೂ ಕೆಲಸಕ್ಕೆ ಬರವಿರಲಿಲ್ಲ. ಫೌಲರರು ಆರಿಸಿಕೊಂಡುದು ಊರಿನ ಗಟಾರವನ್ನು.

ಮ್ಯಾಂಚೆಸ್ಟರ್ ಎಂದರೆ ಹತ್ತಿಯ ಗಿರಣಿಗಳ ನಗರ. ಮುಂಬಯಿಯ ಗಿರಣಗಾವಿನಲ್ಲಿ ಒಮ್ಮೆ ಕಂಡ ಚಿಮಣಿಗಳಿಗೆ ಮೂಲಮಾದರಿ ಅದೇ. ಗಿರಣಿಗಳ ಜೊತೆಗೆ ಬಣ್ಣ ಹಾಕುವವರು, ಚೆಲುವೆ ಮಾಡುವವರು, ಚರ್ಮ ಹದಗೊಳಿಸುವವರು, ಸಾಬೂನು ಕುದಿಸುವವರು ಎಲ್ಲರೂ ನೆರೆದಿದ್ದರು. ಇವರೆಲ್ಲರ ಕೊಳೆನೀರು ಇರ್‌ವೆಲ್ ನದಿಯನ್ನು ಸೇರಿ, ಅದನ್ನು ಶಾಯಿಯಂತೆ ಕರ್ರಗೆ ಮಾಡಿತ್ತು. 1894ರಲ್ಲಿ ಸಮುದ್ರದ ಹಡಗುಗಳನ್ನು ಊರಿನ ಹತ್ತಿರಕ್ಕೆ ತರುವ ದೊಡ್ಡ ಕಾಲುವೆ ತೆರೆಯಿತು. ಅದೇ ವರ್ಷ ಆ ಕಾಲುವೆಯ ದಡದ ಡೇವಿಹುಲ್ಮ್ ಎಂಬಲ್ಲಿ ನಗರಸಭೆಯು ಕೊಳೆನೀರನ್ನು ಶುದ್ಧಗೊಳಿಸುವ ಕೇಂದ್ರವನ್ನು ಸ್ಥಾಪಿಸಿತು. ಅಲ್ಲಿ ಸುಣ್ಣವನ್ನೂ ಕಬ್ಬಿಣದ ಲವಣವನ್ನೂ ಬೆರೆಸಿ ನೀರನ್ನು ತಿಳಿಯಾಗಿಸುತ್ತಿದ್ದರು. ತಳದಲ್ಲಿ ನಿಂತ ಬಗ್ಗಡವನ್ನು ಹಡಗಿನಲ್ಲಿ ತುಂಬಿ ಸಮುದ್ರಕ್ಕೆ ಚೆಲ್ಲಿ ಬರುತ್ತಿದ್ದರು. ನೀರು ಕಣ್ಣಿಗೆ ತಿಳಿಯಾಗಿ ಕಂಡರೂ ಎರಡು ದಿನ ಇಟ್ಟರೆ ಮತ್ತೆ ನಾರುತ್ತಿತ್ತು. ಕಾರಣವೇನೆಂದರೆ ಕರಗಿದ ಹೊಲಸು ಸುಣ್ಣಕ್ಕೆ ಸಿಕ್ಕುವುದಿಲ್ಲ. ನದಿಯ ಕಾವಲಿಗೆಂದು ಏರ್ಪಟ್ಟ ಸಮಿತಿಯು ನಗರಸಭೆಯನ್ನು ನ್ಯಾಯಾಲಯದವರೆಗೆ ಎಳೆಯುತ್ತಲಿದ್ದಿತು. ಇಂಥ ಇಕ್ಕಟ್ಟಿನಲ್ಲಿ, ಇನ್ನೂ ಮೂವತ್ತರ ಆಸುಪಾಸಿನಲ್ಲಿದ್ದ ಫೌಲರರು ಡೇವಿಹುಲ್ಮಿನ ಮೇಲ್ವಿಚಾರಕರೂ ರಸಾಯನಜ್ಞರೂ ಆಗಿ ಬಂದರು.

ಅಷ್ಟರಲ್ಲಿ ಹೊಸದೊಂದು ವಿಚಾರ ಗಾಳಿಯಲ್ಲಿದ್ದಿತು. ಹೊಲಸನ್ನು ಕೊಳೆಸುವ ಅಣುಜೀವಿಗಳನ್ನು ಶತ್ರುಗಳೆಂದು ಕೊಲ್ಲುವುದರ ಬದಲು, ಅವುಗಳಿಗೆ ಮನೆ ಕಟ್ಟಿಕೊಟ್ಟು ದುಡಿಸಿಕೊಳ್ಳಬೇಕು ಎಂಬುದೇ ಆ ವಿಚಾರ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಎಂಬಲ್ಲಿ 1887ರಿಂದ ಇದಕ್ಕಾಗಿಯೇ ಒಂದು ಪ್ರಯೋಗಕೇಂದ್ರ ನಡೆಯುತ್ತಿತ್ತು. ಲಂಡನ್ನಿನಲ್ಲಿ ಡಿಬ್ಡಿನ್ ಎಂಬ ರಸಾಯನಜ್ಞರು ಸುಟ್ಟ ಕಲ್ಲಿದ್ದಲಿನ ಪುಡಿಯನ್ನು ತೊಟ್ಟಿಗಳಲ್ಲಿ ತುಂಬಿ, ಅದರ ಮೇಲೆ ಕೊಳೆನೀರನ್ನು ಕೆಲವು ಗಂಟೆ ನಿಲ್ಲಿಸಿ, ಬರಿದು ಮಾಡಿ, ತೊಟ್ಟಿಗೆ ವಿಶ್ರಾಂತಿ ಕೊಡುವ ವಿಧಾನವನ್ನು ತೋರಿಸಿದ್ದರು. ಕಲ್ಲಿದ್ದಲಿನ ಒಲೆಯಿಂದ ಕಿಟ್ಟವನ್ನು ಕೆದಕಿ ತೆಗೆದವರಿಗೆ ಅದು ಎಷ್ಟು ತೂತುತೂತಾಗಿರುವುದೆಂದು ಗೊತ್ತು. ಆ ತೂತುಗಳೇ ಅಣುಜೀವಿಗಳ ಬಿಡಾರ.

ಆದರೆ ಮ್ಯಾಂಚೆಸ್ಟರಿಗೆ ಈ ವಿಧಾನ ಒಗ್ಗುವುದೇ? ಮನೆಗಳ ಕೊಳೆ ಒಂದು ಬಗೆ. ಬಣ್ಣ, ಆಮ್ಲ, ಡಾಂಬರುಗಳ ಕೊಳೆ ಇನ್ನೊಂದು ಬಗೆ. ವಿಷ ಬಿದ್ದ ತೊಟ್ಟಿಯಲ್ಲಿ ಜೀವಿಗಳು ಉಳಿಯುವುದೆಂತು ಎಂಬುದು ಬಲ್ಲವರ ಶಂಕೆಯಾಗಿತ್ತು. ಶಂಕೆ ಅಸಹಜವಾದುದಲ್ಲ. ನಗರಸಭೆಯು ಬಾಲ್ಡ್‌ವಿನ್ ಲೇಥಮ್, ಪರ್ಸಿ ಫ್ರಾಂಕ್‌ಲಂಡ್, ಕಿರಿಯ ಪರ್ಕಿನ್ ಎಂಬ ಮೂವರು ತಜ್ಞರನ್ನು ನೇಮಿಸಿತು. ಡೇವಿಹುಲ್ಮಿನಲ್ಲಿ ದಿನದಿನದ ಪರೀಕ್ಷೆಗಳು ಫೌಲರರ ಕಣ್ಣೆದುರಿಗೆ ನಡೆದುವು. 1899ರಲ್ಲಿ ತಜ್ಞರು ಕೊಟ್ಟ ವರದಿಯಲ್ಲಿ ಮ್ಯಾಂಚೆಸ್ಟರಿನ ಕೊಳೆನೀರಿಗೆ ಅಣುಜೀವಿಗಳ ವಿಧಾನವೇ ತಕ್ಕುದೆಂದೂ ಕಾರ್ಖಾನೆಗಳ ಕಲ್ಮಷವು ಅದಕ್ಕೆ ಅಡ್ಡಿಯಾಗದೆಂದೂ ತೀರ್ಮಾನವಾಯಿತು. ಫೌಲರರಿಗೆ ಮಾತ್ರ ಇಷ್ಟರಿಂದ ತೃಪ್ತಿಯಾಗಲಿಲ್ಲ. ವಿಷವು ಅಡ್ಡಿಯಾಗಲಿಲ್ಲವೆಂದರೆ ಅದು ಎಲ್ಲಿಗೆ ಹೋಯಿತು? ನೀರಿನಲ್ಲಿ ತೆಳುವಾಗಿ ಹೋಯಿತೋ, ಕಿಟ್ಟಕ್ಕೆ ಅಂಟಿಕೊಂಡಿತೋ, ಅಥವಾ ನಿಜವಾಗಿಯೂ ನಾಶವಾಯಿತೋ? ಅವರ ಮುಂದಿನ ಹತ್ತು ಹನ್ನೆರಡು ವರ್ಷಗಳ ದುಡಿಮೆಗೆ ಈ ಪ್ರಶ್ನೆಯು ಬೀಜವಾಯಿತೆನ್ನಬಹುದು.

ವಿಷಗಳಲ್ಲೆಲ್ಲ ಕಷ್ಟವಾದುದು ಗ್ಯಾಸ್ ಕಾರ್ಖಾನೆಯ ನೀರು. ವಿದ್ಯುತ್ತು ಬರುವ ಮೊದಲು ದೊಡ್ಡ ಊರುಗಳ ಬೀದಿದೀಪಗಳು ಕಲ್ಲಿದ್ದಲ ಗ್ಯಾಸಿನಿಂದ ಉರಿಯುತ್ತಿದ್ದುವು. ಮುಂಬಯಿಯ ಬೀದಿಗಳಿಗೂ ಅಂಥ ದೀಪಗಳು 1865ರಲ್ಲಿ ಬಂದುವು. ಕಲ್ಲಿದ್ದಲನ್ನು ಗಾಳಿಯಾಡದ ಕುಲುಮೆಯಲ್ಲಿ ಕಾಯಿಸಿ ಗ್ಯಾಸನ್ನು ತೆಗೆದು, ಅದನ್ನು ನೀರಿನಿಂದ ತೊಳೆದಾಗ ಅಮೋನಿಯಾ ನೀರಿಗೆ ಇಳಿಯುತ್ತದೆ. ಗೊಬ್ಬರಕ್ಕೆಂದು ಅಮೋನಿಯಾವನ್ನು ಬಟ್ಟಿ ಇಳಿಸಿ ತೆಗೆದ ಮೇಲೆ ಉಳಿಯುವ ಕಂದು ಬಣ್ಣದ ನೀರಿನಲ್ಲಿ ಫೀನಾಲ್ ಇದೆ, ಗಂಧಕ ಬೆರೆತ ಸಯನೈಡುಗಳಿವೆ, ಡಾಂಬರಿನ ಅಂಶವಿದೆ. ಇದನ್ನು ಹೊಳೆಗೆ ಬಿಟ್ಟರೆ ಮೀನುಗಳು ತೇಲುತ್ತವೆ. ಕುಡಿಯುವ ನೀರಿನಲ್ಲಿ ಫೀನಾಲಿನ ಅತ್ಯಲ್ಪ ಲೇಶವಿದ್ದು ಅದಕ್ಕೆ ಕ್ಲೋರಿನ್ ಬೆರೆಸಿದರಂತೂ ಔಷಧದಂಗಡಿಯ ರುಚಿ ಬಂದು ನೀರು ಬಾಯಿಗಿಡಲಾರದಂತೆ ಆಗುವುದು.

ಫೀನಾಲಿನ ಕಥೆಯಲ್ಲಿ ಒಂದು ಸೋಜಿಗವಿದೆ. 1860ರ ದಶಕದಲ್ಲಿ ಕಾರ್ಲೈಲ್ ಎಂಬ ಊರಿನವರು ಕೊಳೆನೀರಿನ ದುರ್ವಾಸನೆಯನ್ನು ಅಡಗಿಸಲು ಕಾರ್ಬಾಲಿಕ್ ಆಮ್ಲವನ್ನು ಬಳಸುತ್ತಿದ್ದರು. ಆ ಸುದ್ದಿಯನ್ನು ಕೇಳಿಯೇ ಶಸ್ತ್ರವೈದ್ಯ ಜೋಸೆಫ್ ಲಿಸ್ಟರರಿಗೆ ಗಾಯಗಳ ಕೀವನ್ನು ತಡೆಯಲು ಅದನ್ನು ಪ್ರಯೋಗಿಸುವ ಆಲೋಚನೆ ಹೊಳೆದುದು. 1865ರಲ್ಲಿ ಅವರು ಅದನ್ನು ಕಾರ್ಯಕ್ಕೆ ತಂದರು. ಅಂದಿನಿಂದ ಕಾರ್ಬಾಲಿಕ್ ಎಂದರೆ ಕ್ರಿಮಿಗಳಿಗೆ ಯಮನೆಂದೇ ಪ್ರಸಿದ್ಧಿ. ಹೀಗೆ ಗಟಾರದಿಂದ ಆಸ್ಪತ್ರೆಗೆ ಹೋದ ಕೀರ್ತಿಯನ್ನು ಮತ್ತೆ ಗಟಾರಕ್ಕೆ ತಂದು ಪರೀಕ್ಷಿಸುವ ಕೆಲಸ ಫೌಲರರ ಪಾಲಿಗೆ ಬಂದಿತು.

ಗ್ಯಾಸ್ ಕಾರ್ಖಾನೆಯ ನೀರನ್ನು ಊರಿನ ಕೊಳೆಯೊಡನೆ ಬೆರೆಸಿ ಕಿಟ್ಟದ ಹಾಸುಗಳ ಮೇಲೆ ಹರಿಸಿದರೆ ಶುದ್ಧಗೊಳಿಸಬಹುದೆಂದು ಪರ್ಸಿ ಫ್ರಾಂಕ್‌ಲಂಡರೂ ಅವರ ಸಹಾಯಕರೂ 1907ರಲ್ಲಿಯೇ ತೋರಿಸಿದ್ದರು. ಆದರೆ ಹಾಸಿನಲ್ಲಿ ನೂರಾರು ಜಾತಿಯ ಜೀವಿಗಳಿರುತ್ತವೆ. ಫೀನಾಲನ್ನು ತಿಂದವರಾರು ಎಂದು ಹೇಳುವುದು ಕಷ್ಟ. ಫೌಲರರು ಆಗ ಮ್ಯಾಂಚೆಸ್ಟರ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾಗಿದ್ದು, ನಗರಸಭೆಗೆ ಸಲಹೆಗಾರರಾಗಿಯೂ ಮುಂದುವರಿದಿದ್ದರು. ಡೇವಿಹುಲ್ಮಿನ ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಎಂಬ ಇಬ್ಬರು ರಸಾಯನಜ್ಞರೊಡನೆ ಸೇರಿ, ಒಂದೊಂದು ಜಾತಿಯ ಅಣುಜೀವಿಯನ್ನು ಬೇರೆಬೇರೆಯಾಗಿ ಬೆಳೆಸಿ, ಅದಕ್ಕೆ ಫೀನಾಲನ್ನು ಉಣಿಸಿ ನೋಡಿದರು. ಫೀನಾಲ್ ಕರಗಿಹೋಯಿತು, ಜೀವಿ ಉಳಿಯಿತು. ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ 1910–11ರ ಸಂಪುಟದಲ್ಲಿ ಮೂವರ ಹೆಸರಿನಲ್ಲಿ ಈ ಪ್ರಬಂಧವು ಪ್ರಕಟವಾಯಿತು.

ಇದು ನಡೆಯುವ ಬಗೆಯು ಈಗ ಸ್ಪಷ್ಟವಾಗಿದೆ. ಫೀನಾಲಿನಲ್ಲಿ ಆರು ಇಂಗಾಲದ ಪರಮಾಣುಗಳು ಬಳೆಯಂತೆ ಕೈಹಿಡಿದು ನಿಂತಿರುತ್ತವೆ. ಅಣುಜೀವಿಯ ಕಿಣ್ವವು ಗಾಳಿಯ ಆಮ್ಲಜನಕವನ್ನು ಆ ಬಳೆಗೆ ಸೇರಿಸುತ್ತದೆ. ಬಳಿಕ ಇನ್ನೊಂದು ಕಿಣ್ವವು ಬಳೆಯನ್ನು ಮುರಿಯುತ್ತದೆ. ಮುರಿದ ಬಳೆ ಸಾಧಾರಣ ಆಹಾರಕ್ಕೆ ಸಮನಾಗಿ, ಕೊನೆಗೆ ಇಂಗಾಲಾಮ್ಲವಾಯು ಮತ್ತು ನೀರು ಮಾತ್ರ ಉಳಿಯುತ್ತವೆ. ಆದರೆ ಎಲ್ಲವೂ ಪ್ರಮಾಣವನ್ನೂ ಅಭ್ಯಾಸವನ್ನೂ ಅವಲಂಬಿಸಿದೆ. ಮೊದಲ ದಿನವೇ ಗಾಢವಾದ ಫೀನಾಲನ್ನು ಸುರಿದರೆ ಲಿಸ್ಟರರ ಮಾತೇ ನಿಜವಾಗುವುದು, ಜೀವಿಗಳು ಸಾಯುವುವು. ತೆಳುವಾಗಿ ಆರಂಭಿಸಿ ದಿನೇ ದಿನೇ ಏರಿಸುತ್ತ ಹೋದರೆ ಅದನ್ನು ತಿನ್ನಬಲ್ಲ ಜಾತಿಗಳು ಹೆಚ್ಚಿಕೊಂಡು, ಕೆಲವು ವಾರಗಳಲ್ಲಿ ಅದೇ ವಿಷಕ್ಕಾಗಿ ಹಸಿದು ಕಾಯುವಂತಾಗುವುವು. ಗಾಳಿ ಮಾತ್ರ ಎಡೆಬಿಡದೆ ಬೇಕು. ಅಮೋನಿಯಾವನ್ನು ನೈಟ್ರೇಟಾಗಿ ಮಾಡುವ ಜೀವಿಗಳು ಇವುಗಳಿಗಿಂತ ಸುಕುಮಾರವಾದುವು. ಫೀನಾಲ್ ತೀರಿದ ಮೇಲೆಯೇ ಅವು ನೆಮ್ಮದಿಯಿಂದ ಕೆಲಸ ಮಾಡುವುವು.

ಇಲ್ಲಿ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಅಣುಜೀವಿಗಳು ಒಡೆಯುವುದು ಇಂಗಾಲದ ಸಂಯುಕ್ತಗಳನ್ನು. ಚರ್ಮ ಹದಮಾಡುವಲ್ಲಿಂದ ಬರುವ ಕ್ರೋಮಿಯಮ್ಮನ್ನಾಗಲಿ ಸೀಸವನ್ನಾಗಲಿ ಯಾವ ಜೀವಿಯೂ ತಿಂದು ಇಲ್ಲವಾಗಿಸಲಾರದು. ಹೆಚ್ಚೆಂದರೆ ಅದನ್ನು ತನ್ನ ಮೈಗೆ ಅಂಟಿಸಿಕೊಂಡು ಬಗ್ಗಡದೊಡನೆ ತಳಕ್ಕೆ ಕೂರುವುದು. ಅಂಥ ಬಗ್ಗಡವನ್ನು ಹೊಲಕ್ಕೆ ಹಾಕಿದರೆ ವಿಷವು ಹೊಲಕ್ಕೆ ಬಂದಂತೆಯೇ. ಕಾರ್ಖಾನೆಯ ಬಾಗಿಲಲ್ಲಿಯೇ ಲೋಹವನ್ನು ಬೇರ್ಪಡಿಸದೆ ಎಲ್ಲವನ್ನೂ ಜೀವಿಗಳ ತಲೆಗೆ ಕಟ್ಟುವುದು ಅವುಗಳಿಗೆ ಮಾಡುವ ಅನ್ಯಾಯವೆಂದೇ ನಮ್ಮ ಅಭಿಪ್ರಾಯ.

1912ರಲ್ಲಿ ಫೌಲರರಿಗೆ ಅಮೆರಿಕದಿಂದ ಕರೆ ಬಂದಿತು. ನ್ಯೂಯಾರ್ಕ್ ಬಂದರಿನ ನೀರು ಕೆಡುತ್ತಿದ್ದ ಬಗ್ಗೆ ಸಲಹೆ ಬೇಕಾಗಿತ್ತು. ಆ ಪ್ರವಾಸದಲ್ಲಿ ಅವರು ಲಾರೆನ್ಸಿನ ಪ್ರಯೋಗಕೇಂದ್ರಕ್ಕೂ ಹೋದರು. ಅಲ್ಲಿ ಗಾಜಿನ ಶೀಷೆಯೊಳಗಿನ ಕೊಳೆನೀರಿನಲ್ಲಿ ಗಾಳಿಯನ್ನು ಊದುತ್ತಿದ್ದರು, ಶೀಷೆಯ ಒಳಮೈಗೆ ಹಸಿರು ಪಾಚಿ ಕಟ್ಟಿತ್ತು, ನೀರು ತಿಳಿಯಾಗಿತ್ತು. ನೋಡಿದವರು ಹಲವರಿರಬಹುದು. ಫೌಲರರ ಮನಸ್ಸಿಗೆ ಮಾತ್ರ ಅದು ಬೆಳಕಿನಂತೆ ನಾಟಿತು. ಕಿಟ್ಟದ ಹಾಸುಗಳಿಗೆ ಎಕರೆಗಟ್ಟಲೆ ನೆಲ ಬೇಕು. ಜೀವಿಗಳನ್ನು ನೀರಿನಲ್ಲಿಯೇ ತೇಲಿಸಿ ಕೆಲಸ ಮಾಡಿಸಬಹುದಾದರೆ ಒಂದು ತೊಟ್ಟಿಯೇ ಸಾಕಲ್ಲವೆ?

ಮ್ಯಾಂಚೆಸ್ಟರಿಗೆ ಮರಳಿದ ಅವರು ತಾವು ಕಂಡುದನ್ನು ಆರ್ಡರ್ನ್ ಮತ್ತು ಲಾಕೆಟರಿಗೆ ವಿವರಿಸಿ, ಡೇವಿಹುಲ್ಮಿನ ಕೊಳೆಯ ಮೇಲೆ ಪ್ರಯೋಗಿಸಲು ಹೇಳಿದರು. ತಾವು ಬೇರೊಂದು ಹಾದಿಯನ್ನು ಹಿಡಿದರು. ಕಲ್ಲಿದ್ದಲ ಗಣಿಯ ನೀರಿನಿಂದ ದೊರೆತ, ಎಂ–7 ಎಂದು ಹೆಸರಿಟ್ಟ ಒಂದು ಅಣುಜೀವಿಯನ್ನು ಕಬ್ಬಿಣದ ಲವಣದೊಡನೆ ಬಳಸಿ ನೀರನ್ನು ತಿಳಿಗೊಳಿಸುವ ಪ್ರಯೋಗವನ್ನು ಅವರೂ ಮಮ್‌ಫರ್ಡ್ ಎಂಬ ಸಹೋದ್ಯೋಗಿಯೂ 1913ರಲ್ಲಿ ಪ್ರಕಟಿಸಿದರು. ಆ ಹಾದಿ ಬಹು ದೂರ ಸಾಗಲಿಲ್ಲ. ಗೆದ್ದುದು ಶೀಷೆಗಳ ಹಾದಿ.

ಆರ್ಡರ್ನ್ ಮತ್ತು ಲಾಕೆಟರು ಮಾಡಿದ ಬದಲಾವಣೆ ಚಿಕ್ಕದು. ಪಾಚಿ ಬೆಳೆಯದಂತೆ ಶೀಷೆಗೆ ಬೆಳಕು ಬೀಳದ ಹಾಗೆ ಹೊದಿಸಿದರು. ಗಾಳಿ ಊದಿದರು. ಮೊದಲ ಸಲ ನೀರು ಪೂರ್ಣವಾಗಿ ಶುದ್ಧವಾಗಲು ಸುಮಾರು ಐದು ವಾರ ಹಿಡಿಯಿತು. ಅಷ್ಟು ಕಾಲ ಕೊಳೆನೀರನ್ನು ಕೂಡಿಡಬಲ್ಲ ತೊಟ್ಟಿ ಯಾವ ನಗರದಲ್ಲಿದೆ? ಆದರೆ ಅವರು ಮೇಲಿನ ತಿಳಿನೀರನ್ನು ಬಸಿದು, ತಳದ ಕಂದು ಕೆಸರನ್ನು ಚೆಲ್ಲದೆ ಉಳಿಸಿ, ಅದರ ಮೇಲೆ ಹೊಸ ಕೊಳೆನೀರನ್ನು ಹುಯ್ದರು. ಈ ಸಲ ಕಾಲ ಕಡಿಮೆಯಾಯಿತು. ಮತ್ತೆ ಬಸಿದರು, ಮತ್ತೆ ಹುಯ್ದರು. ಹೀಗೆ ಮಾಡುತ್ತ ಹೋಗಲು ಐದು ವಾರಗಳ ಕೆಲಸ ಒಂದು ದಿನಕ್ಕೆ ಇಳಿಯಿತು. ಮುಂದೆ ಕೆಲವು ಗಂಟೆಗಳಿಗೇ ಇಳಿಯಿತು.

ಈ ಉಪಾಯವನ್ನು ಹೋಟೆಲಿನ ಅಡುಗೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಿನ್ನೆಯ ಮೊಸರಿನಲ್ಲಿ ಒಂದು ಚಮಚವನ್ನು ಉಳಿಸದೆ ಇಂದಿನ ಹಾಲಿಗೆ ಹೆಪ್ಪು ಹಾಕುವವರುಂಟೆ? ಉಳಿಸಿದ ಕೆಸರೇ ಹೆಪ್ಪು. ಹೆಪ್ಪಿಗೂ ಇದಕ್ಕೂ ಇರುವ ಭೇದವೆಂದರೆ ಇಲ್ಲಿ ಚಮಚದಷ್ಟಲ್ಲ, ರಾಶಿ ರಾಶಿಯಾಗಿ ಉಳಿಸಬೇಕು. ಆ ಊರಿನ ವಿಷಗಳಿಗೆ ಒಗ್ಗಿದ ಜೀವಿಗಳು ನೀರಿನೊಡನೆ ಹರಿದುಹೋಗದೆ ತೊಟ್ಟಿಯಲ್ಲಿಯೇ ನಿಲ್ಲುವುದರಿಂದ, ಕಾರ್ಖಾನೆಯ ಕಲ್ಮಷಕ್ಕೆ ಈ ವಿಧಾನವು ವಿಶೇಷವಾಗಿ ಹೊಂದುತ್ತದೆ. ಇದಕ್ಕೆ ಆಕ್ಟಿವೇಟೆಡ್ ಸ್ಲಡ್ಜ್, ಅಂದರೆ ಕ್ರಿಯಾಶೀಲ ಕೆಸರು, ಎಂಬ ಹೆಸರಾಯಿತು. 1914ರ ಏಪ್ರಿಲ್ 3ರಂದು ಮ್ಯಾಂಚೆಸ್ಟರಿನ ಗ್ರ್ಯಾಂಡ್ ಹೋಟೆಲಿನಲ್ಲಿ ಸೇರಿದ ರಸಾಯನೋದ್ಯಮ ಸಂಘದ ಸಭೆಯಲ್ಲಿ ಪ್ರಬಂಧವನ್ನು ಮಂಡಿಸಿದರು. ಲೋಕದ ನಗರಗಳ ಆರೋಗ್ಯವನ್ನು ಬದಲಿಸಿದ ವಿದ್ಯೆಯು ಹೊರಬಿದ್ದುದು ಒಂದು ಹೋಟೆಲಿನಲ್ಲಿ ಎಂಬುದನ್ನು ನಮ್ಮ ವಾಚಕರು ನೆನಪಿಡಬಹುದು.

ಆ ಪ್ರಬಂಧದ ಮೇಲೆ ಫೌಲರರ ಹೆಸರಿಲ್ಲ. ಕಣ್ಣಿಗೆ ಬಿದ್ದ ಬೆಳಕು ಅವರದು, ಸೂಚನೆ ಅವರದು. ಆದರೆ ಕೆಸರನ್ನು ಉಳಿಸಿ ನೋಡಿದ ಕೈಗಳು ಶಿಷ್ಯಸದೃಶರಾದ ಆ ಇಬ್ಬರವು. ಅವರಿಬ್ಬರೂ ಫೌಲರರ ಋಣವನ್ನು ಮರೆಮಾಚಲಿಲ್ಲ. ಇಂದು ಪಠ್ಯಪುಸ್ತಕಗಳಲ್ಲಿ ಆರ್ಡರ್ನ್–ಲಾಕೆಟರ ಹೆಸರೇ ಮುಂದೆ ಬರುತ್ತದೆ. ಹಣ ಮಾಡಿದವರು ಬೇರೆ: ಯಂತ್ರಗಳ ಹಕ್ಕುಪತ್ರಗಳನ್ನು ಪಡೆದ ಕಂಪನಿಗಳು ಮುಂದಿನ ಎರಡು ದಶಕ ಅಮೆರಿಕದ ನಗರಗಳೊಡನೆ ಮೊಕದ್ದಮೆ ಹೂಡುತ್ತ ಹೋದುವು.

ಯೂರೋಪಿನಲ್ಲಿ ಮಹಾಯುದ್ಧವು ಉರಿಯುತ್ತಿದ್ದ 1916ರಲ್ಲಿ, ನಲವತ್ತೆಂಟರ ವಯಸ್ಸಿನಲ್ಲಿ, ಫೌಲರರು ಬೆಂಗಳೂರಿನ ಇಂಡಿಯನ್ ಇನ್ಸ್ಟಿಟ್ಯೂಟ್ ಆಫ್ ಸೈನ್ಸಿಗೆ ಪ್ರಾಧ್ಯಾಪಕರಾಗಿ ಬಂದರು. ಜಮ್‌ಷೇಟ್‌ಜಿ ಟಾಟಾರವರ ಕನಸು, ಮೈಸೂರು ಅರಸರು ಕೊಟ್ಟ ಭೂಮಿ ಇವೆರಡರಿಂದ ಬೆಳೆದ, ಬೆಂಗಳೂರಿಗರು ಟಾಟಾ ಇನ್ಸ್ಟಿಟ್ಯೂಟ್ ಎಂದೇ ಕರೆಯುವ ಸಂಸ್ಥೆ ಆಗಿನ್ನೂ ಎಳೆಯದು. ಯುದ್ಧಕಾಲದಲ್ಲಿ ಅಲ್ಲಿ ಕೊಳೆನೀರಿಗಿಂತ ಮೊದಲು ಅಸಿಟೋನಿಗೆ ಅವಸರವಿದ್ದಿತು. ಸಿಡಿಮದ್ದಿನ ತಯಾರಿಕೆಗೆ ಆ ದ್ರವ ಬೇಕು. ಹಿಪ್ಪೆಯ ಹೂವಿನ ಸಕ್ಕರೆಯನ್ನು ಅಣುಜೀವಿಗಳಿಂದ ಹುಳಿಸಿ ಅಸಿಟೋನನ್ನು ಪಡೆಯುವ ಸಂಶೋಧನೆಯಲ್ಲಿ ಫೌಲರರು ತೊಡಗಿದರು. ಇದಕ್ಕಾಗಿ ನಾಸಿಕದಲ್ಲಿ ಒಂದು ಕಾರ್ಖಾನೆಯೂ ಏರ್ಪಟ್ಟಿತು. ಬಳಿಕ ಅರಗು, ನೀಲಿ ಮುಂತಾದ ಈ ನಾಡಿನ ಪದಾರ್ಥಗಳ ಮೇಲೆ ವಿದ್ಯಾರ್ಥಿಗಳನ್ನು ಹಚ್ಚಿದರು. 1921ರಲ್ಲಿ ಜೀವರಸಾಯನ ವಿಭಾಗವು ಸ್ಥಾಪಿತವಾದಾಗ ಅದರ ಮೊದಲ ಮುಖ್ಯಸ್ಥರು ಅವರೇ.

ಇಂಡಿಯಾ ದೇಶವು ಅವರ ನೋಟವನ್ನು ತಿದ್ದಿತೆಂದು ತೋರುತ್ತದೆ. ಮ್ಯಾಂಚೆಸ್ಟರಿನಲ್ಲಿ ಕೊಳೆಯನ್ನು ನಾಶಮಾಡುವುದೇ ಗುರಿಯಾಗಿತ್ತು. ಇಲ್ಲಿಯ ರೈತನು ಸಗಣಿಯನ್ನು ಕೂಡಿಡುವುದನ್ನು ಕಂಡ ಮೇಲೆ, ಕೊಳೆಯಲ್ಲಿರುವ ಸಾರಜನಕವನ್ನು ಹೊಲಕ್ಕೆ ಹಿಂದಿರುಗಿಸುವುದು ಅವರಿಗೆ ಅಷ್ಟೇ ಮುಖ್ಯವಾಯಿತು. ಕ್ರಿಯಾಶೀಲ ಕೆಸರು ಗೊಬ್ಬರವಾಗಿ ಎಷ್ಟು ಬೆಲೆ ಬಾಳುವುದೆಂದು ಬೆಂಗಳೂರಿನ ಸಂಸ್ಥೆಯ ಪತ್ರಿಕೆಯಲ್ಲಿ ಬರೆದರು. ಊರಿನ ಕಸಕ್ಕೆ ಆಗಲೇ ಹದವಾಗಿ ಕೊಳೆತ ಗೊಬ್ಬರವನ್ನು ಬೆರೆಸಿ ಬೇಗ ಮಾಗಿಸುವ ಕ್ರಮವನ್ನೂ ರೂಪಿಸಿದರು. ಅಲ್ಲಿಯೂ ಅದೇ ಹೆಪ್ಪಿನ ಉಪಾಯ. ಈ ವಿಚಾರಗಳನ್ನೆಲ್ಲ ಒಟ್ಟುಗೂಡಿಸಿ ಸಾರಜನಕದ ರಕ್ಷಣೆಯನ್ನು ಕುರಿತ ಗ್ರಂಥವನ್ನು 1934ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು, 1924ರಲ್ಲಿ ಬೆಂಗಳೂರಿನ ಹುದ್ದೆಯನ್ನು ಬಿಟ್ಟ ಮೇಲೆ, ಕಾನ್ಪುರದ ಹಾರ್ಕೋರ್ಟ್ ಬಟ್ಲರ್ ತಾಂತ್ರಿಕ ಸಂಸ್ಥೆಯ ಮುಖ್ಯಸ್ಥರಾಗಿಯೂ ಕೆಲಕಾಲ ಇದ್ದರು.

1953ರಲ್ಲಿ, ಎಂಬತ್ತೈದನೆಯ ವಯಸ್ಸಿನಲ್ಲಿ ಫೌಲರರು ತೀರಿಕೊಂಡರು. ಅಷ್ಟರಲ್ಲಿ ಗ್ಯಾಸ್ ದೀಪಗಳ ಕಾಲ ಮುಗಿಯುತ್ತ ಬಂದಿತ್ತು; ಆದರೆ ಗ್ಯಾಸ್ ಕಾರ್ಖಾನೆಯ ಕಂದು ನೀರು ಬೇರೆ ಬಾಗಿಲಿನಿಂದ ನಮ್ಮ ದೇಶಕ್ಕೆ ಬಂದಿತು. ಉಕ್ಕಿನ ಕಾರ್ಖಾನೆಗಳಲ್ಲಿ ಕಲ್ಲಿದ್ದಲನ್ನು ಸುಟ್ಟು ಕೋಕ್ ಮಾಡುವಾಗ ಹೊರಬರುವುದು ಅದೇ ನೀರು, ಲೀಟರಿಗೆ ಹಲವು ನೂರು ಮಿಲಿಗ್ರಾಮ್ ಫೀನಾಲಿನೊಡನೆ. ಅಲ್ಲಿಯವರು ಬಿ.ಓ.ಡಿ. ಪ್ಲಾಂಟ್ ಎಂದು ಕರೆಯುವ ತೊಟ್ಟಿಗಳಲ್ಲಿ ಮೊದಲು ಡಾಂಬರನ್ನು ತೆಗೆದು, ಅಮೋನಿಯಾವನ್ನು ಉಗಿಯಿಂದ ಓಡಿಸಿ, ಒಮ್ಮೆಲೇ ಗಾಢವಾದ ವಿಷ ಬೀಳದಂತೆ ದೊಡ್ಡ ತೊಟ್ಟಿಯೊಂದರಲ್ಲಿ ನೀರನ್ನು ಬೆರೆಸಿ ಸಮಗೊಳಿಸಿ, ಜೀವಿಗಳಿಗೆ ಆ ನೀರಿನಲ್ಲಿ ದೊರೆಯದ ರಂಜಕವನ್ನು ಒಂದಿಷ್ಟು ಸೇರಿಸಿ, ಆಮೇಲೆ ಗಾಳಿಯೂದುವ ಕೆಸರಿಗೆ ಬಿಡುತ್ತಾರೆ. ಪಾಳಿಯ ಕೆಲಸಗಾರನ ಅಜಾಗರೂಕತೆಯಿಂದ ಒಂದು ರಾತ್ರಿ ಹದ ತಪ್ಪಿದರೆ ಕೆಸರು ಸತ್ತು, ಮತ್ತೆ ಜೀವ ಹಿಡಿಯಲು ವಾರಗಳೇ ಬೇಕಾಗುವುದುಂಟು. ಆಗ ಪಕ್ಕದ ತೊಟ್ಟಿಯಿಂದಲೋ ಬೇರೊಂದು ಕಾರ್ಖಾನೆಯಿಂದಲೋ ಒಗ್ಗಿದ ಕೆಸರನ್ನು ಕಡ ತಂದು ಹುಯ್ಯುತ್ತಾರೆ. ಡೇವಿಹುಲ್ಮಿನ ಕೇಂದ್ರವು ಆ ಕಾಲುವೆಯ ದಡದಲ್ಲಿ ಇಂದಿಗೂ ಮ್ಯಾಂಚೆಸ್ಟರಿನ ಕೊಳೆನೀರನ್ನು ಶುದ್ಧಗೊಳಿಸುತ್ತಿದೆ.